ಅರವತ್ನಾಲ್ಕನೇ ನಂಬರ್ ಪರವಾಗಿಲ್ಲ

ಗಣಪತಿಯವರು ಹುಟ್ಟಿದ ತಕ್ಷಣ ನರ್ಸಮ್ಮನ ಮುಖ ನೋಡಿ ಮೂಗು ಮುರಿದರಂತೆ. ಇದಕ್ಕೆ ಸಾಕ್ಷಿಯಿಲ್ಲ. ಆದರೆ ಅವರನ್ನು ಬಲ್ಲವರು ಯಾರೂ ಸಾಕ್ಷಿ ಕೇಳಿದ್ದೂ ಇಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಬೆಳೆಯುತ್ತಿದ್ದಾಗ ರಾಮನವಮಿಯ ಕಚೇರಿಯೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತು ಒಂದೇ ಒಂದು ಸಲ ಆಕಳಿಸಿದ್ದಕ್ಕೆ ವಿದ್ವಾಂಸರು ಎತ್ತಿಕೊಂಡಿದ್ದ ರಾಗವನ್ನು ಅಲ್ಲೇ ಕೆಳಗಿಟ್ಟು ಮಂಗಳ ಹಾಡಿದರು. ಮದುವೆಮನೆಗಳಲ್ಲಿ ಅಡುಗೆಯವರು ಗಣಪತಿಯವರ ಎಲೆ ಯಾವ ಸಾಲಿನಲ್ಲಿದೆ ಎಂದು ವಿಚಾರಿಸಿಕೊಂಡು ಬೇರೆ ಸಾಲಿನಿಂದ ಬಡಿಸಲು ಶುರುಮಾಡುತ್ತಿದ್ದರು.

ಇಂಥ ಮನುಷ್ಯನಿಗೆ ಅಮೆರಿಕ ಹೇಳಿ ಮಾಡಿಸಿದಂಥ ಕೆಲಸ ಕೊಟ್ಟಿತು. ಸಿಯಾಟಲ್ ಬಳಿಯ ರೆಡ್ಮಂಡಿನ ಒಂದು ಕಂಪನಿಯಲ್ಲಿ ಅವರು ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಸಂಬಳ ಕೊಡದಿದ್ದರೂ ಮಾಡುತ್ತಿದ್ದರು. ಕೆಟ್ಟದ್ದನ್ನು ಕಂಡರೆ ಅವರು ಬೈಯುತ್ತಿದ್ದರು, ಅದು ಮಾಮೂಲು. ತೀರಾ ಕೆಟ್ಟದ್ದನ್ನು ಕಂಡರೆ ಮಾತ್ರ ‘ಎಕ್ಸಲೆಂಟ್’ ಎನ್ನುತ್ತಿದ್ದರು. ಅವರ ಬಾಯಿಂದ ಎಕ್ಸಲೆಂಟ್ ಅನ್ನಿಸಿಕೊಂಡ ಹುಡುಗರಲ್ಲಿ ಇಬ್ಬರು ಕೆಲಸ ಬಿಟ್ಟರು, ಒಬ್ಬ ಸನ್ಯಾಸ ತೆಗೆದುಕೊಂಡ.

ವುಡಿನ್‌ವಿಲ್‌ನಲ್ಲಿ ಅವರ ಪಕ್ಕದ ಮನೆಯವನು ಡೇಲ್ ಹಚಿನ್ಸ್. ಆರಡಿ ಎತ್ತರ, ಸದಾ ಟೋಪಿ, ಸದಾ ಸಂತೋಷ. ಗಣಪತಿಯವರಿಗೆ ಇದರಲ್ಲಿ ಮೂರನೆಯದು ಹಿಡಿಸುತ್ತಿರಲಿಲ್ಲ. ಡೇಲ್ ದೇಶದ ಇನ್ನೊಂದು ಮೂಲೆಯ ಒಂದು ಫುಟ್ಬಾಲ್ ತಂಡಕ್ಕೆ ಕೆಲಸ ಮಾಡುತ್ತಿದ್ದ. ಕಾಲೇಜಿನಲ್ಲಿ ಆಡುವ ಹುಡುಗರನ್ನು ಊರೂರು ಸುತ್ತಿ ನೋಡಿ, ಯಾರು ಆದಾರು ಯಾರು ಆಗಲಾರರು ಎಂದು ತಂಡಕ್ಕೆ ಹೇಳುವುದು ಅವನ ಕೆಲಸ. ಅಂಥವರಿಗೆ ಸ್ಕೌಟ್ ಎಂದು ಹೆಸರು. ವರ್ಷಕ್ಕೊಂದು ಸಲ, ಏಪ್ರಿಲ್ ಕೊನೆಗೆ, ಎಲ್ಲ ತಂಡಗಳೂ ಸರದಿ ಪ್ರಕಾರ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

ಈ ಡೇಲ್ ಒಂದು ಜುಲೈನ ಬೆಳಿಗ್ಗೆ ತನ್ನ ದೊಡ್ಡ ಪಿಕಪ್ ಟ್ರಕ್ಕನ್ನು ರಿವರ್ಸ್ ತೆಗೆಯುವಾಗ ಗಣಪತಿಯವರ ಕರಿಬೇವಿನ ಗಿಡದ ಮೇಲೆ ಹತ್ತಿಸಿದ. ಗಣಪತಿಯವರದು ಎನ್ನುವುದು ಬರಿಯ ಮಾತಿಗೆ. ಅದು ಅವರ ಹೆಂಡತಿ ವಸಂತಲಕ್ಷ್ಮಿಯದು. ಸಿಯಾಟಲ್‌ನ ಚಳಿಗಾಲದಲ್ಲಿ ಕರಿಬೇವು ಬದುಕಿಸುವುದೆಂದರೆ ಬಾಣಂತನ ಮಾಡಿದ ಹಾಗೆ. ಕಿಟಕಿ ಪಕ್ಕ ಇಟ್ಟು, ದೀಪ ಹಚ್ಚಿ, ಬೆಚ್ಚಗಿನ ನೀರು ಹಾಕಿ, ಮಜ್ಜಿಗೆ ಕುಡಿಸಿ ಆಕೆ ಅದನ್ನು ಆಳೆತ್ತರ ಮಾಡಿದ್ದರು. ಅಂದು ಬಿಸಿಲು ಕಾಯಲಿ ಎಂದು ಹೊರಗಿಟ್ಟಿದ್ದರು.

ಡೇಲ್ ಟ್ರಕ್ಕಿನಿಂದ ಇಳಿದು ಟೋಪಿ ತೆಗೆದು ಸಾರಿ ಸಾರಿ ಎಂದು ಅಳುಮುಖ ಮಾಡಿದ. ಅಳುವವರನ್ನು ಬೈದು ಗಣಪತಿಯವರಿಗೆ ಅಭ್ಯಾಸವಿರಲಿಲ್ಲ.

“ಪರವಾಗಿಲ್ಲ” ಅಂದರು.

ಹಾಗಂದರೇನು ಎಂದು ಡೇಲ್ ಕೇಳಿದ. ಆಗಿದ್ದು ಆಗಿಹೋಯಿತು, ಬಿಟ್ಟುಬಿಡು, ತಲೆ ಕೆಡಿಸಿಕೊಳ್ಳಬೇಡ ಎಂದು ಅರ್ಥ, ಅಂತ ಗಣಪತಿಯವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಡೇಲ್‌ಗೆ ಬಹಳ ಖುಷಿಯಾಯಿತು. ಅವತ್ತಿನಿಂದ ಅವನು ಕನ್ನಡ ಬಲ್ಲವನಾದ. ಕಸದ ಡಬ್ಬಿ ಬಿದ್ದರೆ ‘ಪ್ಯಾರವಾಗಿಲಾ’, ಮಳೆ ಬಂದರೆ ‘ಪ್ಯಾರವಾಗಿಲಾ’. ವಸಂತಲಕ್ಷ್ಮಿ ಮಾತ್ರ ಒಗ್ಗರಣೆಗೆ ಕರಿಬೇವಿಲ್ಲದ ಒಂದು ವಾರ ಇಬ್ಬರ ಜೊತೆಗೂ ಮಾತಾಡಲಿಲ್ಲ.

ಗಿಡದ ಪಾಪ ಕಳೆಯಲೆಂದು ಡೇಲ್ ಗಣಪತಿಯವರನ್ನು ಊರಿನ ಒಂದು ವೈನರಿಗೆ ಕರೆದುಕೊಂಡು ಹೋದ. ಅಲ್ಲಿ ಕೆಲವರು ಲೋಟ ಅಲ್ಲಾಡಿಸುತ್ತ ನಿಂತಿದ್ದರು. ಒಬ್ಬ ಪ್ಲಮ್ ಹಣ್ಣಿನ ವಾಸನೆ ಎಂದ. ಇನ್ನೊಬ್ಬ ತೊಗಲಿನ ವಾಸನೆ ಎಂದ. ಒಬ್ಬಾಕೆ ಕಣ್ಣು ಮುಚ್ಚಿ, ಮಳೆಯಲ್ಲಿ ನೆನೆದ ಕಲ್ಲು ಎಂದಳು. ಗಣಪತಿಯವರು ಕುಡಿಯುವವರಲ್ಲ. ಲೋಟವನ್ನು ಮೂಗಿನವರೆಗೆ ತಂದು ಕೆಳಗಿಟ್ಟರು.

“ಹುಳಿ ಬಂದಿದೆ. ನಮ್ಮನೇಲಿ ದೋಸೆ ಹಿಟ್ಟು ಹೀಗಾದ್ರೆ ಚೆಲ್ಲಿಬಿಡ್ತಾರೆ.”

ವೈನರಿಯ ಯಜಮಾನ ನಗುತ್ತ ಒಳಗೆ ಹೋದ. ಹೊರಗೆ ಬಂದಾಗ ನಗುತ್ತಿರಲಿಲ್ಲ. ಸಾಯಂಕಾಲದ ಹೊತ್ತಿಗೆ ಸಾಲಾಗಿಟ್ಟಿದ್ದ ಪೀಪಾಯಿಗಳೆಲ್ಲ ಚರಂಡಿ ಪಾಲಾದವು. ಸಮಾಮಿಶ್ ಹೊಳೆಯ ಬಾತುಕೋಳಿಗಳು ಆ ವಾರಪೂರ್ತಿ ಅಡ್ಡಡ್ಡ ಈಜಿದವು.

ಡೇಲ್ ಗಣಪತಿಯವರನ್ನು ಹೊಸದಾಗಿ ನೋಡಿದ. ಅವನ ಬಾಯಲ್ಲಿ ಅವರ ಹೆಸರು ‘ಗ್ಯಾನ್’ ಆಗಿತ್ತು.

“ಗ್ಯಾನ್, ಶನಿವಾರಗಳಲ್ಲಿ ಏನು ಮಾಡ್ತೀಯ?”

“ಯಾಕೆ?”

“ನಮ್ಮ ಸ್ಕೌಟ್‌ಗಳಿಗೆ ನೋಡಿದೋರೆಲ್ಲ ಇಷ್ಟ ಆಗ್ತಾರೆ. ನನಗೆ ಯಾರೂ ಇಷ್ಟ ಆಗದೇ ಇರೋ ಒಬ್ಬ ಮನುಷ್ಯ ಬೇಕು.”

ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಫುಟ್ಬಾಲ್ ಎಂದು ಹೆಸರಿಟ್ಟ ಜನರ ಬಗ್ಗೆ ಗಣಪತಿಯವರಿಗೆ ಮೊದಲಿನಿಂದಲೂ ಒಂದು ಅಭಿಪ್ರಾಯವಿತ್ತು. ಅದನ್ನು ಹತ್ತಿರದಿಂದ ಗಟ್ಟಿಮಾಡಿಕೊಳ್ಳುವ ಅವಕಾಶ ಬಿಡುವುದು ಬೇಡವೆಂದು ಒಪ್ಪಿದರು. ಪ್ಲಾಸ್ಟಿಕ್ ರೇನ್‌ಕೋಟು ಹಾಕಿಕೊಂಡು, ತೊಡೆಯ ಮೇಲೆ ಚಿತ್ರಾನ್ನದ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಕಾಲೇಜು ಸ್ಟೇಡಿಯಮ್ಮುಗಳ ಒದ್ದೆ ಬೆಂಚುಗಳ ಮೇಲೆ ಕೂತರು.

ಸುತ್ತ ಕೂತಿದ್ದ ಬೇರೆ ತಂಡಗಳ ಸ್ಕೌಟ್‌ಗಳನ್ನು ನೋಡಿ ಅವರಿಗೆ ಹುಡುಗರಿಗಿಂತ ಹೆಚ್ಚು ಜಿಗುಪ್ಸೆಯಾಯಿತು. ಎಲ್ಲರ ಕೊರಳಲ್ಲೂ ಸ್ಟಾಪ್‌ವಾಚು. ಒಬ್ಬ ‘ಸೊಂಟ ಚೆನ್ನಾಗಿದೆ’ ಎನ್ನುವನು. ಇನ್ನೊಬ್ಬ ‘ಅಂಗೈ ಅಗಲ ನೋಡಿದೆಯಾ’ ಎನ್ನುವನು. ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ತೂಕ ಹಾಕುವರು, ತೋಳು ಅಳೆಯುವರು, ಅತ್ತಿಂದಿತ್ತ ಓಡಿಸುವರು, ನಿಮ್ಮ ತಂದೆಯವರು ಏನು ಮಾಡಿಕೊಂಡಿದ್ದಾರೆ ಎಂದು ಕೇಳುವರು.

“ನಮ್ಮ ಕಡೆ ಹುಡುಗಿ ನೋಡೋಕೆ ಹೋದೋರು ಹಾಡಿಸ್ತಿದ್ರು, ಇವರು ಓಡಿಸ್ತಾರೆ” ಎಂದು ಗಣಪತಿಯವರು ಮನೆಗೆ ಬಂದು ವಸಂತಲಕ್ಷ್ಮಿಗೆ ಹೇಳಿದರು. “ಆಮೇಲೆ ಎಲ್ಲಾ ಒಂದೇ. ಹೊಟ್ಟೆ ತುಂಬಾ ತಿಂದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂತ ಎದ್ದು ಹೋಗೋದು.”

“ನೀವೂ ಹಾಗೇ ಎದ್ದು ಹೋಗಿದ್ರಿ” ಎಂದರು ವಸಂತಲಕ್ಷ್ಮಿ, ಹುರಳಿಕಾಯಿ ಮುರಿಯುತ್ತ.

ಗಣಪತಿಯವರು ಸ್ಟೀಲ್ ಡಬ್ಬಿ ತೊಳೆಯಲು ಎದ್ದರು.

ಮೊದಲ ವರ್ಷ ಅವರು ಯಾರನ್ನೂ ಬಿಡಲಿಲ್ಲ. ‘ಓಡ್ತಾನೆ, ಯಾಕೆ ಅಂತ ಗೊತ್ತಿಲ್ಲ’ ಎಂದರು ಒಬ್ಬನಿಗೆ. ‘ಫ್ರಿಜ್ ಥರ ಇದಾನೆ, ಫ್ರಿಜ್ ಆದ್ರೆ ಒಳಗೆ ಏನಾದ್ರೂ ಇರತ್ತೆ’ ಎಂದರು ಇನ್ನೊಬ್ಬನಿಗೆ. ಪತ್ರಿಕೆಗಳೆಲ್ಲ ಹೊಗಳುತ್ತಿದ್ದ ಒಬ್ಬ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆಯುವ ನಾಯಕ, ಅವನನ್ನು ನೋಡಿ ಮಾತ್ರ ಡಬ್ಬಿಯ ಮುಚ್ಚಳ ಹಾಕಿ ಗಂಭೀರವಾಗಿ ಹೇಳಿದರು:

“ಎಕ್ಸಲೆಂಟ್. ಇವನನ್ನೇ ತಗೊಳ್ಳಿ.”

ಡೇಲ್ ಹಿಗ್ಗಿಹೋಗಿ ಅದನ್ನು ತಂಡಕ್ಕೆ ಹೇಳಿದ. ಪುಣ್ಯಕ್ಕೆ ಬೇರೆ ತಂಡದವರ ಸರದಿ ಮೊದಲು ಬಂದು ಅವರು ಅವನನ್ನು ಹಾರಿಸಿಕೊಂಡು ಹೋದರು. ಆ ಮಹಾಶಯ ಮೊದಲ ಪಂದ್ಯದಲ್ಲೇ ಚೆಂಡನ್ನು ನೇರ ಎದುರಾಳಿಯ ಕೈಗೆ ಕೊಟ್ಟು, ಅವನಿಂದ ಥ್ಯಾಂಕ್ಸ್ ಹೇಳಿಸಿಕೊಂಡು ಬಂದ. ಅಂದಿನಿಂದ ಡೇಲ್ ಒಂದು ಪಾಠ ಕಲಿತ: ಗ್ಯಾನ್ ಬೈದರೆ ಯೋಚನೆ ಮಾಡಬಹುದು, ಹೊಗಳಿದರೆ ಓಡಬೇಕು. ಗಣಪತಿಯವರು ಬೇಡವೆಂದವರನ್ನು ಬಿಟ್ಟೂ ಬಿಟ್ಟೂ ಡೇಲ್‌ನ ತಂಡ ಯಾವ ತಪ್ಪೂ ಮಾಡದೆ ಮೇಲಕ್ಕೆ ಬಂತು.

ಮರುವರ್ಷ, ಅಂದರೆ ಎರಡು ಸಾವಿರದ ಹದಿನೈದರ ನವೆಂಬರಿನಲ್ಲಿ, ಟಕೋಮಾ ಕಡೆಯ ಒಂದು ಸಣ್ಣ ಕಾಲೇಜಿನ ಮೈದಾನದಲ್ಲಿ ಗಣಪತಿಯವರಿಗೆ ಮೈ ಸರಿಯಿಲ್ಲದ ಹಾಗಾಯಿತು.

ಎಲ್ಲರೂ ನೋಡಲು ಬಂದಿದ್ದು ಚೆಂಡು ಹಿಡಿದು ಓಡುವ ಒಬ್ಬ ಹುಡುಗನನ್ನು. ಅವನನ್ನು ಗಣಪತಿಯವರು ಎರಡೇ ನಿಮಿಷದಲ್ಲಿ ಬೈದು ಮುಗಿಸಿದ್ದರು. ಬಿಡುವಾದ ಕಣ್ಣು ಅವನ ಮುಂದೆ ನಿಂತಿದ್ದ ಅರವತ್ನಾಲ್ಕನೇ ನಂಬರಿನ ಮೇಲೆ ಬಿತ್ತು. ವೇಡ್ ಲಿಂಡ್‌ಕ್ವಿಸ್ಟ್ ಅಂತ ಹೆಸರು, ಗಾರ್ಡ್ ಅಂತ ಕೆಲಸ. ಎದುರಿನವರು ಮೇಲೆ ಬೀಳದಂತೆ ಅಡ್ಡ ನಿಲ್ಲುವುದು, ಅಷ್ಟೇ. ಚೆಂಡು ಅವನ ಕೈಗೆ ಬರುವುದಿಲ್ಲ. ಕ್ಯಾಮೆರಾ ಅವನನ್ನು ನೋಡುವುದಿಲ್ಲ. ಅವನ ತಾಯಿಯೂ ಚೆಂಡನ್ನೇ ನೋಡುತ್ತಿರುತ್ತಾಳೆ.

ಗಣಪತಿಯವರು ಅವನಲ್ಲಿ ತಪ್ಪು ಹುಡುಕಲು ಶುರುಮಾಡಿದರು. ಸಿಗಲಿಲ್ಲ. ಕನ್ನಡಕ ಮಂಜಾಗಿದೆಯೆಂದು ಒರೆಸಿಕೊಂಡರು. ಆಗಲೂ ಸಿಗಲಿಲ್ಲ. ಕಾಲು ಇಡಬೇಕಾದಲ್ಲಿ ಇಟ್ಟ, ಭುಜ ಕೊಡಬೇಕಾದಲ್ಲಿ ಕೊಟ್ಟ, ಆಟ ಮೈದಾನದ ಆ ತುದಿಗೆ ಹೋದರೂ ತನ್ನ ಪಾಲಿನವನನ್ನು ಸೀಟಿ ಊದುವವರೆಗೆ ಬಿಡಲಿಲ್ಲ. ಗಣಪತಿಯವರಿಗೆ ಬೆವರು ಬಂತು. ಬಿಪಿ ಮಾತ್ರೆ ಮರೆತಿದ್ದೇನೋ ಎಂದು ಜೇಬು ಮುಟ್ಟಿಕೊಂಡರು. ಚಿತ್ರಾನ್ನ ಡಬ್ಬಿಯಲ್ಲೇ ತಣ್ಣಗಾಯಿತು.

ಪಂದ್ಯ ಮುಗಿದ ಮೇಲೆ ಊರ ಪತ್ರಿಕೆಯ ಹುಡುಗಿಯೊಬ್ಬಳು, ಬೇರೆ ಯಾರೂ ಸಿಗದೆ, ಅವನ ಮುಂದೆ ಮೈಕ್ ಹಿಡಿದಳು. ಇವತ್ತು ನಿಮ್ಮ ಆಟ ಹೇಗಿತ್ತು ಎಂದಳು. ಆ ಹುಡುಗ ಹೆಲ್ಮೆಟ್ಟಿನ ಕೆಸರು ಒರೆಸುತ್ತ, “ಅಂಥಾ ಕೆಟ್ಟದಾಗೇನೂ ಇರಲಿಲ್ಲ” ಅಂದ.

ಇವನು ಒಂಟಿಕೊಪ್ಪಲಿನಲ್ಲಿ ಹುಟ್ಟಬೇಕಾದವನು, ವಿಳಾಸ ತಪ್ಪಿದೆ ಎಂದು ಗಣಪತಿಯವರಿಗೆ ಅನ್ನಿಸಿತು.

ಪಾರ್ಕಿಂಗಿನಲ್ಲಿ, ಟ್ರಕ್ಕಿನೊಳಗೆ ಕೂತು, ಡೇಲ್ ಹೆಸರುಗಳ ಹಾಳೆ ತೆಗೆದ.

“ಅರವತ್ನಾಲ್ಕನ್ನೂ ನೋಡ್ತಾ ಇದ್ದೆಯಲ್ಲ. ಹೇಗೆ?”

ಗಣಪತಿಯವರು ವೈಪರ್ ಅತ್ತಿತ್ತ ಆಡುವುದನ್ನೇ ನೋಡಿದರು. ಇಂಗ್ಲಿಷಿನಲ್ಲಿ ಆ ಮಾತಿಗೆ ಅವರ ಬಳಿ ಪದವಿರಲಿಲ್ಲ. ಕನ್ನಡದಲ್ಲಿ ಒಂದಿತ್ತು. ತೀರಾ ಅಪರೂಪಕ್ಕೆ, ಬೆಳ್ಳಿ ಲೋಟ ಹೊರಗೆ ತೆಗೆದ ಹಾಗೆ, ತೆಗೆದರು.

“ಪರವಾಗಿಲ್ಲ.”

“ಪ್ಯಾರವಾಗಿಲಾ?”

“ಪರವಾಗಿಲ್ಲ” ಎಂದರು ಗಣಪತಿಯವರು ಇನ್ನೊಮ್ಮೆ, ತಗ್ಗಿದ ದನಿಯಲ್ಲಿ.

ಡೇಲ್‌ಗೆ ಬರುತ್ತಿದ್ದ ಏಕೈಕ ಕನ್ನಡ ಪದ ಕೊನೆಗೂ ಕೆಲಸಕ್ಕೆ ಬಂದಿತ್ತು. ಅವನು ತಲೆದೂಗಿ ಪೆನ್ನಿನಿಂದ ಹಾಳೆಯ ಮೇಲೆ ಒಂದು ಗೆರೆ ಎಳೆದ. ಹೆಸರಿನ ಕೆಳಗೆ ಗೆರೆ ಎಳೆದನೆಂದು ಗಣಪತಿಯವರು ತಿಳಿದರು. ಗೆರೆ ಬಿದ್ದಿದ್ದು ಹೆಸರಿನ ಮೇಲೆ.

ಚಳಿಗಾಲ ಕಳೆಯಿತು. ಗಣಪತಿಯವರು ವಿಚಿತ್ರವಾಗಿ ಆಡತೊಡಗಿದರು. ಆಫೀಸಿನಲ್ಲಿ ಒಂದು ತಪ್ಪನ್ನು ಕಂಡೂ ಕಾಣದ ಹಾಗೆ ಬಿಟ್ಟರು. ಇಂಡಿಯನ್ ಸ್ಟೋರಿನಲ್ಲಿ ಬೆಂಡೇಕಾಯಿಯ ತುದಿ ಮುರಿದು ನೋಡದೆ ಹಾಗೇ ಚೀಲಕ್ಕೆ ಹಾಕಿಕೊಂಡಾಗ ಅಂಗಡಿಯವನು ವಸಂತಲಕ್ಷ್ಮಿಗೆ ಫೋನ್ ಮಾಡಿ ಸಾರ್ ಆರೋಗ್ಯವಾಗಿದ್ದಾರಾ ಎಂದು ಕೇಳಿದ. ಐವತ್ತೈದು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಉದ್ಧಾರವಾಗಲೆಂದು ಅವರಿಗೆ ಅನ್ನಿಸಿತ್ತು. ಆ ಹುಡುಗ ಆಯ್ಕೆಯಾಗದಿದ್ದರೆ ಜಗತ್ತಿನ ಬಗ್ಗೆ ತಾವು ಇಷ್ಟು ದಿನ ಆಡಿದ್ದೆಲ್ಲ ನಿಜವಾಗಿಬಿಡುತ್ತದೆ ಎಂದು ಮೊದಲ ಸಲ ಹೆದರಿಕೆಯೂ ಆಯಿತು.

ಡ್ರಾಫ್ಟಿನ ಕೊನೆಯ ದಿನ ಶನಿವಾರ. ಅಂದೇ ಅಲ್ಲಿನ ಕನ್ನಡ ಸಂಘದ ಯುಗಾದಿ. ನಿಜವಾದ ಯುಗಾದಿ ಮುಗಿದು ಮೂರು ವಾರವಾಗಿತ್ತು, ಆದರೆ ಬಾತೆಲ್‌ನ ಶಾಲೆಯ ಹಾಲ್ ಖಾಲಿ ಸಿಕ್ಕಿದ್ದು ಅಂದೇ ಆದ್ದರಿಂದ, ಸಂಘದ ಮಟ್ಟಿಗೆ ಸೂರ್ಯ ಚಂದ್ರರು ಅಷ್ಟು ದಿನ ಕಾದಿದ್ದರು. ವೇದಿಕೆಯ ಮೇಲೆ ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿಯುತ್ತ ಒಂದು ಕೋಲಾಟ ಮುಗಿಸಿದರು. ಸಂಘದ ಅಧ್ಯಕ್ಷ ಶಿವಕುಮಾರ್ ಜರಿಪಂಚೆ ಎತ್ತಿಹಿಡಿದುಕೊಂಡು ಗಣಪತಿಯವರ ಪಕ್ಕ ಬಂದು ನಿಂತರು.

“ಹೇಗಿತ್ತು ಸಾರ್ ಮಕ್ಕಳ ಪ್ರೋಗ್ರಾಂ?”

“ಮುಗೀತಲ್ಲ.”

“ನಾಲ್ಕು ತಿಂಗಳು ಪ್ರಾಕ್ಟೀಸ್ ಮಾಡಿದಾರೆ ಸಾರ್.”

“ಮಾಡದೇ ಇದ್ದಿದ್ರೆ ಇನ್ನೂ ಸ್ವಲ್ಪ ಚೆನ್ನಾಗಿರ್ತಿತ್ತೇನೋ.”

ಶಿವಕುಮಾರ್ ಸಮಾಧಾನದಿಂದ ಹೋದರು. ಬೈಸಿಕೊಂಡರೆ ಕಾರ್ಯಕ್ರಮ ಸರಿಯಾಗಿದೆ ಎಂದೇ ಸಂಘದಲ್ಲಿ ಲೆಕ್ಕ.

ಗಣಪತಿಯವರ ಕಣ್ಣು ಫೋನಿನ ಮೇಲಿತ್ತು. ಕೊನೆಯ ಸುತ್ತು ನಡೆಯುತ್ತಿತ್ತು. ಯಾರ‍್ಯಾರೋ ಅಯೋಗ್ಯರ ಹೆಸರುಗಳು ಒಂದೊಂದಾಗಿ ಬಂದವು. ತಾವು ಫ್ರಿಜ್ ಎಂದು ಬೈದವನ ತಮ್ಮನನ್ನೂ ಒಂದು ತಂಡ ಆರಿಸಿಕೊಂಡಿತು. ಲಿಂಡ್‌ಕ್ವಿಸ್ಟ್ ಇಲ್ಲ. ಡೇಲ್‌ನ ತಂಡಕ್ಕೆ ಉಳಿದಿದ್ದು ಒಂದೇ ಸರದಿ, ಅದಕ್ಕೆ ಮುಂಚೆ ಮೂರೇ ತಂಡ. ಗಣಪತಿಯವರು ಊಟದ ಸಾಲಿನ ಪಕ್ಕಕ್ಕೆ ಸರಿದು ಡೇಲ್‌ಗೆ ಕಾಲ್ ಮಾಡಿದರು.

“ಅರವತ್ನಾಲ್ಕು ಏನಾಯ್ತು?”

“ಅವನಾ? ನೀನೇ ಪ್ಯಾರವಾಗಿಲಾ ಅಂದೆಯಲ್ಲ. ಆವತ್ತೇ ಹೊಡೆದುಹಾಕಿದೆ.”

“ಡೇಲ್, ಪರವಾಗಿಲ್ಲ ಅಂದ್ರೆ ಒಳ್ಳೇದು ಅಂತ.”

“ಬಿಟ್ಟುಬಿಡು ಅಂತ. ನೀನೇ ಹೇಳಿಕೊಟ್ಟಿದ್ದು.”

“ಎರಡೂ ಹೌದು.”

“ನಾನು ನಿಮ್ಮ ಗಿಡ ಜಜ್ಜಿದಾಗ ನೀನು ಅದೇ ಅಂದೆ. ಅದು ಒಳ್ಳೇದಾಗಿತ್ತಾ?”

ಗಣಪತಿಯವರಿಗೆ ಇನ್ನು ದಾರಿ ಒಂದೇ. ಕಣ್ಣು ಮುಚ್ಚಿಕೊಂಡು, ಕಹಿ ಔಷಧಿ ನುಂಗುವವರ ಹಾಗೆ, ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು.

“ಆ ಹುಡುಗ ಎಕ್ಸಲೆಂಟ್. ಅವನನ್ನ ತಗೊಳ್ಳಿ.”

ಆ ಕಡೆಯಿಂದ ಡೇಲ್ ಮರುಕದಿಂದ ಮಾತಾಡಿದ.

“ಅಷ್ಟು ಕೆಟ್ಟದಾಗಿದಾನಾ? ಥ್ಯಾಂಕ್ಸ್ ಗ್ಯಾನ್. ಅರ್ಥ ಆಯ್ತು.”

“ಅಯ್ಯೋ, ತಮಾಷೆ ಅಲ್ಲ, ನಿಜವಾಗ್ಲೂ ಎಕ್ಸಲೆಂಟ್.”

“ಸಾಕು ಬಿಡು, ಪಾಪ, ಚಿಕ್ಕ ಹುಡುಗ. ಅಷ್ಟೊಂದು ಆಡಿಕೊಳ್ಳಬೇಡ.”

ಬಿಸಿಬೇಳೆಬಾತಿನ ಕೊಳಗದ ಹಿಂದೆ ವಸಂತಲಕ್ಷ್ಮಿ ಸೌಟು ಹಿಡಿದು ನಿಂತಿದ್ದರು. ಅಂದಿನ ಅಡುಗೆಯ ಉಸ್ತುವಾರಿ ಅವರದೇ. ಗಂಡ ಒಬ್ಬ ಮನುಷ್ಯನನ್ನು ಎಕ್ಸಲೆಂಟ್ ಎಂದಿದ್ದು, ಅದೂ ಅಂಗಲಾಚಿ ಎಂದಿದ್ದು ಅವರ ಕಿವಿಗೆ ಬಿತ್ತು. ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಬಂದರು.

“ಏನ್ರೀ ಅದು?”

ಗಣಪತಿಯವರು ಎರಡು ಮಾತಿನಲ್ಲಿ ಹೇಳಿದರು. ಹೇಳುವಾಗ ಅವರ ದನಿ ನಡುಗಿತು. ಇಷ್ಟು ವರ್ಷದಲ್ಲಿ ಆ ದನಿ ನಡುಗಿದ್ದನ್ನು ವಸಂತಲಕ್ಷ್ಮಿ ಕೇಳಿದ್ದಿಲ್ಲ. ಫೋನ್ ಕಿತ್ತುಕೊಂಡರು.

“ಡೇಲ್, ನಾನು ವಸಂತಾ. ಮಧ್ಯ ಮಾತಾಡಬೇಡ, ಕೇಳು. ತೊಂಬತ್ತನೇ ಇಸವೀಲಿ ಇವರು ನನ್ನನ್ನ ನೋಡೋಕೆ ಬಂದ್ರು. ಕೂತ್ರು. ಉಪ್ಪಿಟ್ಟು ತಿಂದ್ರು. ನಾನು ಹಾಡಿದೆ. ಗೇಟ್ ಹತ್ರ ಹೋದ್ಮೇಲೆ ಇವರಪ್ಪ ಕೇಳಿದ್ರು, ಹುಡುಗಿ ಹೇಗೋ ಅಂತ. ಇವರು ಏನಂದ್ರು ಗೊತ್ತಾ?”

“ಏನಂದ?”

“ಪರವಾಗಿಲ್ಲ ಅಂದ್ರು. ಆ ಒಂದು ಮಾತಿನ ಮೇಲೆ ಛತ್ರ ಬುಕ್ ಮಾಡಿದ್ರು. ಇಪ್ಪತ್ತಾರು ವರ್ಷ ಆಯ್ತು. ಅಲ್ಲಿಂದ ಇಲ್ಲೀವರೆಗೆ ಇನ್ನೊಬ್ಬ ಮನುಷ್ಯನ ಬಗ್ಗೆ ಇವರು ಆ ಮಾತು ಅಂದಿದ್ದು ನಾನು ಕೇಳಿಲ್ಲ.”

“ಹಾಗಾದ್ರೆ ಆ ಗಿಡ?”

“ಗಿಡದ ವಿಷಯ ಎತ್ತಬೇಡ. ಆ ಹುಡುಗನ ಹೆಸರನ್ನ ನಿಮ್ಮ ತಂಡಕ್ಕೆ ಕೊಡು.”

ಫೋನ್ ಇಟ್ಟರು. ಅವರ ಹಿಂದೆ ಊಟದ ಸಾಲು ಬಾಗಿಲು ದಾಟಿತ್ತು, ಯಾರೂ ಗೊಣಗಲಿಲ್ಲ. ಗಣಪತಿಯವರು ಪರದೆಯನ್ನೇ ನೋಡುತ್ತ ನಿಂತರು. ಮೂರು ತಂಡದವರು ಮೂವರು ಅಪಾತ್ರರನ್ನು ಆರಿಸಿಕೊಂಡರು. ಆಮೇಲೆ ಡೇಲ್‌ನ ತಂಡದ ಗುರುತಿನ ಕೆಳಗೆ ಹೆಸರು ಬಂತು: ಲಿಂಡ್‌ಕ್ವಿಸ್ಟ್, ಗಾರ್ಡ್. ಯಾರೋ ಅವನ ಮನೆಗೆ ಫೋನ್ ಮಾಡಿ ಹೇಗನ್ನಿಸುತ್ತಿದೆ ಎಂದು ಕೇಳಿದರಂತೆ, ಹುಡುಗ ‘ಕೆಟ್ಟದಾಗೇನೂ ಅನ್ನಿಸ್ತಿಲ್ಲ’ ಎಂದನಂತೆ. ಅದೂ ಕೆಳಗೆ ಸಣ್ಣ ಅಕ್ಷರದಲ್ಲಿ ಬಂತು. ಗಣಪತಿಯವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು.

ವಸಂತಲಕ್ಷ್ಮಿ ಅವರ ತಟ್ಟೆಗೆ ಬಾತು ಬಡಿಸಿದರು. ಬಡಿಸಿ, ಸೌಟು ಹಿಡಿದುಕೊಂಡೇ ನಿಂತರು.

“ಒಂದು ಕೇಳ್ತೀನಿ, ಹೇಳ್ತೀರಾ?”

“ಹೂಂ.”

“ನನಗೂ ಪರವಾಗಿಲ್ಲ ಅಂದ್ರಿ. ನನ್ನ ಗಿಡ ಸತ್ತಾಗ್ಲೂ ಪರವಾಗಿಲ್ಲ ಅಂದ್ರಿ. ಆವತ್ತು ಗೇಟ್ ಹತ್ರ ಅಂದಿದ್ದು ಯಾವುದು? ಈ ಹುಡುಗನದ್ದಾ, ಗಿಡದ್ದಾ?”

ಅಂದು ಗಣಪತಿಯವರ ನಾಲಿಗೆಯ ಕಟ್ಟು ಹೇಗೂ ಸಡಿಲವಾಗಿತ್ತು. ಒಂದು ತುತ್ತು ಬಾಯಿಗಿಟ್ಟರು. ಹೆಂಡತಿಯ ಮುಖ ನೋಡಿದರು. ಉತ್ತರವನ್ನು ನೇರ ಹೇಳಲು ನಾಚಿಕೆಯಾಗಿ, ಬಾತಿನ ನೆಪ ಮಾಡಿಕೊಂಡು ಹೇಳಿದರು.

“ತುಂಬಾ ಚೆನ್ನಾಗಿದೆ, ವಸಂತಾ.”

ವಸಂತಲಕ್ಷ್ಮಿಯ ಮುಖ ಬಿಳುಚಿತು.

“ಏನು ಕಮ್ಮಿಯಾಗಿದೆ? ಉಪ್ಪಾ?”

“ಇಲ್ಲ, ನಿಜವಾಗ್ಲೂ…”

“ಮುನ್ನೂರು ಜನ ಊಟಕ್ಕೆ ನಿಂತಿದಾರೆ ಕಣ್ರೀ. ಹಾಗೆಲ್ಲ ಆಡಿಕೋಬೇಡಿ, ಏನು ಕಮ್ಮಿ ಅಂತ ಬಿಡಿಸಿ ಹೇಳಬಾರದಾ?”

ಹೇಳುತ್ತಲೇ ಒಳಗೆ ಓಡಿದರು. ಉಪ್ಪಿನ ಡಬ್ಬದ ಜೊತೆ ಬಂದು, ಕೊಳಗಕ್ಕೆ ಎರಡು ಹಿಡಿ ಸುರಿದು, ತಳದಿಂದ ಕೆದಕಿ ತಿರುಗಿಸಿ, ಗಣಪತಿಯವರ ತಟ್ಟೆಯ ಹಳೆಯ ಬಾತನ್ನು ತೆಗೆದು ಹೊಸದನ್ನು ಹಾಕಿದರು. ಸಾಲಿನ ಮುಂದಿದ್ದ ಶಿವಕುಮಾರ್ ಒಂದು ತುತ್ತು ತಿಂದು, ನೀರಿನ ಕಡೆಗೆ ಬೇಗ ಬೇಗ ನಡೆದರು.

ಗಣಪತಿಯವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಹೆಂಡತಿ ನೋಡುತ್ತಿರುವಂತೆಯೇ, ಆ ಉಪ್ಪುಪ್ಪಾದ ಬಾತನ್ನು ಒಂದು ಕಾಳು ಬಿಡದೆ ತಿಂದರು. ತಿಂದು ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.

“ಈಗ?” ಎಂದರು ವಸಂತಲಕ್ಷ್ಮಿ.

“ಪರವಾಗಿಲ್ಲ” ಎಂದರು ಗಣಪತಿಯವರು.